ಫಿಲಿಪ್ ಮೆಡೋಸ್ ಟೇಲರ್: ತಿರುಗಾಟ, ಅಗೆತ ಮತ್ತು ಬರಹ

ಕಲಬುರಗಿಯಿಂದ ಸೇಡಮ್ಮಿನ ಕಡೆಗೆ ಸಾಗುವ ದಾರಿಯಲ್ಲಿ ಗುಂಡಗುರ್ತಿಯನ್ನು ದಾಟಿದರೆ ಮುಂದೆ ಕಾಗಿಣಾ ದಂಡೆಯ ಮಳಖೇಡ ಸಿಗುತ್ತದೆ. ದಕ್ಷಿಣಕ್ಕೆ ಹೊರಳಿದರೆ ಭೀಮಾ ತೀರದ ಸನ್ನತಿ. ರಾಷ್ಟ್ರಕೂಟರ ರಾಜಧಾನಿಗೂ ಬೌದ್ಧ ನೆಲೆಗೂ ನಡುವೆ ಹರಡಿದ ಈ ಎರೆಭೂಮಿಯಲ್ಲಿ ಸಂಶೋಧನೆಗೆ ತೊಡಗುವವರು ಗ್ರಂಥಾಲಯಕ್ಕೆ ಎಷ್ಟು ಋಣಿಗಳೋ ಹೊಲದ ಬದುವಿಗೂ ಅಷ್ಟೇ ಋಣಿಗಳು. 1954ರಲ್ಲಿ ಸನ್ನತಿಯನ್ನು ವಿದ್ವತ್ ಲೋಕದ ಗಮನಕ್ಕೆ ತಂದ ಕಪಟರಾಳ ಕೃಷ್ಣರಾಯರು ಅಂಥ ತಿರುಗಾಟದ ವಿದ್ವಾಂಸರು. ಆದರೆ ಈ ಪರಂಪರೆಯನ್ನು ಹಿಂದಕ್ಕೆ ಅರಸುತ್ತ ಹೋದಂತೆ ಅದರ ಮೊದಲಲ್ಲಿ ಕುದುರೆಯ ಮೇಲೆ ಕುಳಿತ ಒಬ್ಬ ಪರಕೀಯ ಅಧಿಕಾರಿ ಎದುರಾಗುತ್ತಾನೆ. ಅವನೇ ಫಿಲಿಪ್ ಮೆಡೋಸ್ ಟೇಲರ್ (1808–1876). ಠಗ್ಗರ ಕಥೆ ಬರೆದವನೆಂದು ಸಾಹಿತ್ಯದವರೂ, ಸುರಪುರದ ಬಾಲ ಅರಸನನ್ನು ಬೆಳೆಸಿದವನೆಂದು ಇತಿಹಾಸದವರೂ, ಕಲ್ಗೋರಿಗಳನ್ನು ಅಗೆದವನೆಂದು ಪುರಾತತ್ವದವರೂ ಅವನನ್ನು ತಮ್ಮ ತಮ್ಮಲ್ಲಿ ಹಂಚಿಕೊಂಡಿದ್ದಾರೆ. ಈ ಮೂವರನ್ನೂ ಒಬ್ಬನೇ ಮನುಷ್ಯನಾಗಿ ನೋಡಿದಾಗ ಅವನ ಸಾಹಸ ಯಾವುದು, ಅದರಲ್ಲಿ ನಮ್ಮ ತರುಣ ಸಂಶೋಧಕರು ಮಾದರಿಯಾಗಿ ಇಟ್ಟುಕೊಳ್ಳಬಹುದಾದದ್ದು ಎಷ್ಟು ಎಂಬ ಪ್ರಶ್ನೆಗಳು ಏಳುತ್ತವೆ.

ಟೇಲರ್ ಹುಟ್ಟಿದ್ದು 1808ರ ಸೆಪ್ಟೆಂಬರ್ 25ರಂದು, ಲಿವರ್‌ಪೂಲ್ ನಗರದಲ್ಲಿ. ತಂದೆ ವ್ಯಾಪಾರಿ, ವ್ಯಾಪಾರದಲ್ಲಿ ಸೋತವನು. ಹದಿನೈದರ ಹುಡುಗ 1824ರಲ್ಲಿ ಮುಂಬಯಿಯ ಒಂದು ವ್ಯಾಪಾರಿ ಮಳಿಗೆಯ ಕೆಲಸಕ್ಕೆಂದು ಹಡಗು ಹತ್ತಿದ. ಬಂದು ನೋಡಿದರೆ ಮಳಿಗೆಯೇ ಮುಳುಗುವ ಸ್ಥಿತಿಯಲ್ಲಿತ್ತು. ಬಂಧುವೊಬ್ಬರ ನೆರವಿನಿಂದ ಅದೇ ವರ್ಷದ ಕೊನೆಗೆ ಅವನಿಗೆ ಹೈದರಾಬಾದಿನ ನಿಜಾಮನ ಸೈನ್ಯದಲ್ಲಿ ಅಧಿಕಾರಿಯ ಹುದ್ದೆ ದೊರೆಯಿತು. ಅವನ ಇಡೀ ಬದುಕಿನ ಏರಿಳಿತಕ್ಕೆ ಇಲ್ಲಿ ಒಂದು ಕಾರಣವಿದೆ. ಕಂಪನಿಯ ಸ್ವಂತ ಸೇವಾವರ್ಗಕ್ಕೆ ಸೇರಿದವರಿಗೆ ಇದ್ದ ಭದ್ರತೆ, ಬಡ್ತಿಯ ಹಾದಿ, ಮನ್ನಣೆ ಅವನಿಗೆ ಇರಲಿಲ್ಲ. ಭಾಷೆಗಳನ್ನೂ ಭೂಮಾಪನ, ಕಟ್ಟಡಕಲೆ, ಕಾನೂನು, ಭೂವಿಜ್ಞಾನ, ಸಸ್ಯಶಾಸ್ತ್ರಗಳನ್ನೂ ಬಹುಮಟ್ಟಿಗೆ ತಾನೇ ಕಲಿತ. ಸೈನ್ಯದಿಂದ ಪೊಲೀಸು ಕೆಲಸಕ್ಕೆ ಬಂದ ಮೇಲೆ ನಿಜಾಮನ ಸೀಮೆಯ ಹಳ್ಳಿಗಳನ್ನು ಸುತ್ತುವುದೇ ಅವನ ದಿನಚರಿಯಾಯಿತು. ಪಟೇಲ, ಕುಲಕರ್ಣಿ, ಸಂತೆಗೆ ಬರುವ ವ್ಯಾಪಾರಿ, ಸೆರೆ ಸಿಕ್ಕ ದರೋಡೆಗಾರ – ಇವರೊಂದಿಗೆ ಅವರ ಭಾಷೆಯಲ್ಲಿ ಮಾತನಾಡಬಲ್ಲ ಅಧಿಕಾರಿ ಆ ಕಾಲಕ್ಕೆ ಅಪರೂಪ.

1832ರಲ್ಲಿ ಅವನು ಮೇರಿ ಪಾಮರಳನ್ನು ಮದುವೆಯಾದ. ಆಕೆ ಹೈದರಾಬಾದಿನ ಪ್ರಸಿದ್ಧ ಲೇವಾದೇವಿಗಾರ ವಿಲಿಯಂ ಪಾಮರನ ಮಗಳು. ವಿಲಿಯಂನ ತಾಯಿ ಮುಸ್ಲಿಂ ಮನೆತನದ ಹೆಣ್ಣು. ಎರಡು ಲೋಕಗಳ ನಡುವಣ ಗೆರೆ ಹೀಗೆ ಅವನ ಮನೆಯೊಳಗೇ ಹಾದುಹೋಗಿತ್ತು. ರಜೆಯ ಮೇಲೆ ಇಂಗ್ಲೆಂಡಿಗೆ ಹೋಗಿದ್ದಾಗ 1839ರಲ್ಲಿ ಪ್ರಕಟವಾದ ‘ಕನ್ಫೆಷನ್ಸ್ ಆಫ್ ಎ ಥಗ್’ ಅವನನ್ನು ಏಕಾಏಕಿ ಹೆಸರುವಾಸಿಯಾಗಿಸಿತು. ಸೆರೆಸಿಕ್ಕ ಠಗ್ಗನೊಬ್ಬ ತನ್ನ ಕೊಲೆಗಳನ್ನು ತಾನೇ ನಿರೂಪಿಸುವ ಆ ಕಾದಂಬರಿಯಲ್ಲಿ ದಾರಿ, ಛತ್ರ, ಮಾವಿನ ತೋಪು, ಬಿಡಾರಗಳ ವಿವರ ಕಣ್ಣಾರೆ ಕಂಡವನದು. ಠಗ್ಗರ ಕುರಿತ ವಸಾಹತುಶಾಹಿ ಸಂಕಥನವನ್ನು ಬೆಳೆಸುವಲ್ಲಿ ಈ ಕೃತಿಯ ಪಾಲು ದೊಡ್ಡದು. ಅದನ್ನು ಇಂದು ಸಮಾಜದ ದಾಖಲೆಯೆಂದು ಓದುವುದು ಕಷ್ಟ. ದಾರಿಯ ದಾಖಲೆಯಾಗಿ ಮಾತ್ರ ಅದು ಉಳಿಯುತ್ತದೆ. 1840ರಲ್ಲಿ ಟಿಪ್ಪುವಿನ ಕಾಲದ ಕಾದಂಬರಿ ಬಂತು. ಅದೇ ವರ್ಷದಿಂದ 1853ರವರೆಗೆ ಅವನು ಲಂಡನ್ನಿನ ‘ಟೈಮ್ಸ್’ ಪತ್ರಿಕೆಗೆ ವರದಿಗಾರನೂ ಆಗಿದ್ದ.

1841ರಲ್ಲಿ ಟೇಲರ್ ಸುರಪುರಕ್ಕೆ ಬಂದ. ಬೇಡ ನಾಯಕರ ಆ ಸಂಸ್ಥಾನದಲ್ಲಿ ಆಗ ಅರಸ ತೀರಿಕೊಂಡು, ಉತ್ತರಾಧಿಕಾರಿ ವೆಂಕಟಪ್ಪ ನಾಯಕ ಇನ್ನೂ ಮಗು. ಆಡಳಿತಕ್ಕಾಗಿ ರಾಣಿ ಈಶ್ವರಮ್ಮ ಮತ್ತು ಅರಸನ ಸೋದರ ಪಿಡ್ಡನಾಯಕರ ನಡುವೆ ತಿಕ್ಕಾಟ. ನಿಜಾಮನಿಗೂ ಕಂಪನಿಗೂ ಸಲ್ಲಬೇಕಾದ ಹಣದ ಬಾಕಿ. ರಾಣಿಯ ವಿಷಯದಲ್ಲಿ ಟೇಲರ್ ಬರೆದಿರುವುದೆಲ್ಲ ಕಟುವಾಗಿದೆ. ಗಂಡನನ್ನು ಕಳೆದುಕೊಂಡು ಮಗನ ಗದ್ದುಗೆಯನ್ನು ಕಾಯುತ್ತಿದ್ದ ಹೆಣ್ಣೊಬ್ಬಳ ಪಾಲಿಗೆ ಈ ಬಿಳಿಯ ಅಧಿಕಾರಿ ಹೇಗೆ ಕಂಡಿರಬಹುದೆಂಬುದನ್ನು ಅವನ ಬರಹ ಕೇಳಿಕೊಳ್ಳುವುದಿಲ್ಲ. ಹೀಗಾಗಿ ಈ ಭಾಗವನ್ನು ಓದುವಾಗ ಒಂದೇ ಕಡೆಯ ಸಾಕ್ಷಿಯನ್ನು ಓದುತ್ತಿದ್ದೇವೆಂಬ ಎಚ್ಚರ ಬೇಕು. ಅಂತೂ ಆಡಳಿತ ಅವನ ಕೈಗೆ ಬಂತು. ಬಾಲಕನ ಪೋಷಣೆಯೂ ಬಂತು. ಹುಡುಗ ಅವನನ್ನು ಅಪ್ಪಾ ಎಂದೇ ಕರೆಯುತ್ತಿದ್ದ. ಮುಂದಿನ ಹನ್ನೆರಡು ವರ್ಷ ಟೇಲರ್ ಲೆಕ್ಕಪತ್ರ ಸರಿಪಡಿಸಿದ, ಬೋನಾಳದ ಹಳೆಯ ಕೆರೆಯನ್ನು ವಿಸ್ತರಿಸುವ ಕೆಲಸ ಮಾಡಿಸಿದ, ಗುಡ್ಡದ ಮೇಲೆ ಒಂದು ಬಂಗಲೆ ಕಟ್ಟಿಸಿದ. ಅದನ್ನು ಜನ ಇಂದಿಗೂ ಟೇಲರ್ ಮಂಜಿಲ್ ಎನ್ನುತ್ತಾರೆ. 1844ರಲ್ಲಿ ಹೆಂಡತಿ ತೀರಿಕೊಂಡಳು. ಆ ಒಂಟಿತನದ ವರ್ಷಗಳಲ್ಲಿಯೇ ಅವನ ಕಣ್ಣು ಸುತ್ತಲಿನ ಕಲ್ಲುಗಳ ಕಡೆಗೆ ಹೊರಳಿತು.

ನಮ್ಮ ಮಟ್ಟಿಗೆ ಟೇಲರನ ನಿಜವಾದ ಸಾಹಸ ಇರುವುದು ಇಲ್ಲಿ. ಸುರಪುರ ಸೀಮೆಯ ರಾಜನಕೋಳೂರು, ಹಗರಟಗಿ ಮೊದಲಾದೆಡೆ ಚಪ್ಪಡಿಗಳನ್ನು ನಿಲ್ಲಿಸಿ ಮೇಲೊಂದು ಹಾಸುಗಲ್ಲು ಹೊದಿಸಿದ ಕಲ್ಮನೆಗಳನ್ನೂ, ಕಲ್ಲಿನ ವೃತ್ತಗಳನ್ನೂ ಅವನು ಹುಡುಕಿ ಅಳೆದ. ಶಹಾಪುರದ ಬಳಿಯ ವಿಭೂತಿಹಳ್ಳಿಯಲ್ಲಿ ಬಯಲ ತುಂಬ ಸಾಲುಸಾಲಾಗಿ, ಸಮ ಅಂತರದಲ್ಲಿ ಇಟ್ಟ ದೊಡ್ಡ ಗುಂಡುಗಳನ್ನು ಕಂಡು, ಅವು ತಾವಾಗಿ ಬಿದ್ದವಲ್ಲ, ಮನುಷ್ಯರು ಹೂಡಿದವು ಎಂದು ಗುರುತಿಸಿದ. ಭೀಮಾ ದಂಡೆಯ ಫಿರೋಜಾಬಾದಿನ ಸಮೀಪ ಜೇವರ್ಗಿಯ ಕಲ್ಗೋರಿಗಳನ್ನು ತೆರೆಸಿದ. ಆ ಕಾಲದ ಹವ್ಯಾಸಿಗಳು ಗೋರಿ ಒಡೆದು ಮಡಕೆ, ಕತ್ತಿಗಳನ್ನು ಎತ್ತಿಕೊಂಡು ಹೋಗುವುದನ್ನೇ ಅಗೆತವೆಂದು ತಿಳಿದಿದ್ದರು. ಟೇಲರ್ ಹಾಗೆ ಮಾಡಲಿಲ್ಲ. ಮೇಲಿನ ಕಲ್ಲುರಾಶಿ, ಅದರ ಕೆಳಗಿನ ಮಣ್ಣಿನ ಪದರಗಳು, ಮಡಕೆಗಳ ಸ್ಥಾನ, ಅಸ್ಥಿಪಂಜರ ಮಲಗಿದ ಭಂಗಿ, ಕೆಲವೆಡೆ ಮುಂಡದಿಂದ ಬೇರೆಯಾಗಿ ಇಟ್ಟ ತಲೆಬುರುಡೆ – ಇವನ್ನೆಲ್ಲ ನೆಲವನ್ನು ಉದ್ದಕ್ಕೆ ಕೊಯ್ದು ತೋರಿಸುವ ಸೀಳುನೋಟದ ಚಿತ್ರಗಳಲ್ಲಿ ಬರೆದಿಟ್ಟ. ಜೇವರ್ಗಿಯ ವರದಿ 1851ರಲ್ಲಿ, ಸುರಪುರದ್ದು 1853ರಲ್ಲಿ ರಾಯಲ್ ಏಷ್ಯಾಟಿಕ್ ಸೊಸೈಟಿಯ ಮುಂಬಯಿ ಶಾಖೆಯ ಪತ್ರಿಕೆಯಲ್ಲಿ ಬಂದವು. ಸುಮಾರು ನೂರು ವರ್ಷಗಳ ತರುವಾಯ, 1947ರಲ್ಲಿ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಅಗೆತ ನಡೆಸಿದ ಮಾರ್ಟಿಮರ್ ವೀಲರ್ ಈ ಸೀಳುನೋಟಗಳನ್ನು ಮೆಚ್ಚಿಕೊಂಡದ್ದುಂಟು.

ಜಾನಪದ ವಿದ್ಯಾರ್ಥಿಗಳು ಗಮನಿಸಬೇಕಾದ ಇನ್ನೊಂದು ಸಂಗತಿ ಇದೆ. ಸ್ಥಳೀಯರು ಆ ಕಲ್ಮನೆಗಳನ್ನು ಮೋರೇರ ಮನೆಗಳೆಂದೂ, ಅಲ್ಲಿ ಗೇಣುಗಳಲ್ಲಿ ಅಳೆಯಬಹುದಾದಷ್ಟು ಗಿಡ್ಡ ಜನ ವಾಸವಾಗಿದ್ದರೆಂದೂ ಹೇಳುತ್ತಿದ್ದುದನ್ನು ಅವನು ದಾಖಲಿಸಿದ. ಇದೇ ನಂಬಿಕೆ ಹಿರೇಬೆಣಕಲ್ ಪರಿಸರದಲ್ಲಿ ಈಗಲೂ ಕೇಳಿಬರುತ್ತದೆ. ಆದರೆ ನೋಡಿದ್ದಕ್ಕೆ ಅವನು ಹಚ್ಚಿದ ಅರ್ಥ ನಿಲ್ಲಲಿಲ್ಲ. ಯುರೋಪಿನ ಕಲ್ಗೋರಿಗಳನ್ನು ಹೋಲುತ್ತವೆಂಬ ಕಾರಣಕ್ಕೆ ಇವನ್ನು ಸಿಥಿಯನ್ನರಿಗೂ ಕೆಲ್ಟರಿಗೂ ಗಂಟುಹಾಕಿದ. ಈ ನೆಲದವರೇ ಇವನ್ನು ಕಟ್ಟಿರಬಹುದೆಂಬ ಕಡೆಗೆ ಅವನ ವಿಚಾರ ಹರಿಯಲಿಲ್ಲ. ಅವನ ಸಿದ್ಧಾಂತ ಇಂದು ಯಾರಿಗೂ ಬೇಡ. ಚಿತ್ರ, ಅಳತೆಗಳು ಬೇಕು. ಅದೇ ಸುರಪುರ ಸೀಮೆಯ ಹುಣಸಗಿ, ಬೈಚಬಾಳ ಕಣಿವೆಗಳಲ್ಲಿ ಕೆ. ಪದ್ದಯ್ಯ ಅವರು ದಶಕಗಳ ಕಾಲ ನಡೆದಾಡಿ ಹಳೆಶಿಲಾಯುಗದ ನೆಲೆಗಳನ್ನು ಬೆಳಕಿಗೆ ತಂದದ್ದನ್ನು ನೆನೆದರೆ, ಅಲ್ಲಿ ಕಾಲ್ನಡಿಗೆಯ ವಿದ್ಯೆಗೆ ಇನ್ನೂ ಎಷ್ಟು ಕೆಲಸವಿತ್ತೆಂಬುದು ತಿಳಿಯುತ್ತದೆ.

1853ರಲ್ಲಿ ಪ್ರಾಯಕ್ಕೆ ಬಂದ ವೆಂಕಟಪ್ಪ ನಾಯಕನಿಗೆ ರಾಜ್ಯವನ್ನು ಒಪ್ಪಿಸಿ ಟೇಲರ್ ನಳದುರ್ಗ ಪ್ರಾಂತಕ್ಕೆ, ಅಲ್ಲಿಂದ 1857ರಲ್ಲಿ ವರ್ಹಾಡಕ್ಕೆ ಹೋದ. 1858ರ ಫೆಬ್ರವರಿಯಲ್ಲಿ ಸುರಪುರ ಇಂಗ್ಲಿಷರ ವಿರುದ್ಧ ಕಾದಿತು. ಕ್ಯಾಪ್ಟನ್ ನ್ಯೂಬೆರಿ ಸತ್ತ. ಇನ್ನಷ್ಟು ಸೈನ್ಯ ಬಂದೊಡನೆ ಅರಸ ಹೈದರಾಬಾದಿಗೆ ಹೋಗಿ ಅಲ್ಲಿ ಸೆರೆಸಿಕ್ಕ. ಸೆರೆಮನೆಯಲ್ಲಿ ಅವನನ್ನು ಕಾಣಲು ಬಂದವನು ಟೇಲರ್. ಪ್ರೇರೇಪಿಸಿದವರ ಹೆಸರು ಹೇಳಿದರೆ ಕ್ಷಮೆಯ ದಾರಿ ತೆರೆದೀತೆಂಬ ಸೂಚನೆ ಅವನ ಮೂಲಕ ಬಂತು. ಅರಸ ಒಪ್ಪಲಿಲ್ಲ. ಜೀವಾವಧಿ ಸೆರೆಗಿಂತ ತೋಪಿನ ಬಾಯಿಗೆ ಕಟ್ಟಿ ಕೊಲ್ಲುವುದೇ ಲೇಸೆಂದನಂತೆ. ಈ ಮಾತನ್ನು ನಮಗೆ ಉಳಿಸಿಕೊಟ್ಟವನೂ ಟೇಲರನೇ. ಮರಣದಂಡನೆ ಮೊದಲು ಜೀವಾವಧಿಗೆ, ಬಳಿಕ ನಾಲ್ಕು ವರ್ಷಗಳ ಸೆರೆಗೆ ಇಳಿಯಿತು. ಚೆಂಗಲ್ಪಟ್ಟಿಗೆ ಸಾಗಿಸುವ ದಾರಿಯಲ್ಲಿ ಗುಂಡೇಟಿನಿಂದ ಅರಸ ತೀರಿಕೊಂಡ; ಅಧಿಕಾರಿಗಳ ಪ್ರಕಾರ ಅದು ಆತ್ಮಹತ್ಯೆ. ಟೇಲರ್ ಪಟ್ಟ ದುಃಖ ನಿಜವೇ ಇರಬೇಕು. ಆದರೆ ಮಗುವಿಗೆ ಅಪ್ಪನಾಗಿದ್ದವನು ಕೊನೆಗೆ ವಿಚಾರಣೆಯ ಪರವಾಗಿ ಬಂದವನೂ ಆದನೆಂಬ ಸತ್ಯವನ್ನು ಆ ದುಃಖ ಅಳಿಸಲಾರದು. ಅರಸನಿಲ್ಲದ ಸುರಪುರದ ಆಡಳಿತಕ್ಕೆ ಅವನೇ ಮರಳಿ ಬಂದ. 1860ರಲ್ಲಿ ಆರೋಗ್ಯ ಕೆಟ್ಟು ಭಾರತ ಬಿಟ್ಟ. ಅದೇ ಹೊತ್ತಿಗೆ ಸಂಸ್ಥಾನವನ್ನು ಇಂಗ್ಲಿಷರು ನಿಜಾಮನಿಗೆ ಬಳುವಳಿ ಕೊಟ್ಟರು.

ಡಬ್ಲಿನ್ ಬಳಿ ನೆಲೆಸಿದ ಟೇಲರ್ ನೆನಪಿನಿಂದ ಬರೆಯತೊಡಗಿದ. ‘ತಾರಾ’ (1863), ‘ರಾಲ್ಫ್ ಡಾರ್ನೆಲ್’ (1865), ‘ಸೀತಾ’ (1872) – 1657, 1757, 1857ರ ಕಾಲಘಟ್ಟಗಳನ್ನು ಹಿಡಿದ ಮೂರು ಕಾದಂಬರಿಗಳು. ಇವುಗಳಲ್ಲಿ ‘ತಾರಾ’ ಮೇಲೆಂದು ನನ್ನ ಭಾವನೆ; ತುಳಜಾಪುರದ ಗುಡ್ಡ, ವಿಜಯಪುರದ ಬೀದಿಗಳು ಅಲ್ಲಿ ಕಥೆಯ ಹಿನ್ನೆಲೆಯಾಗಿ ಉಳಿಯದೆ ಕಥೆಯನ್ನೇ ನಡೆಸುತ್ತವೆ. ‘ಸೀತಾ’ ಬರೆಯುವ ಹೊತ್ತಿಗೆ 1857ರ ಬಗ್ಗೆ ಬರೆಯಲು ಅವನಿಗೆ ಸುರಪುರ ಕೈಯಳತೆಯಲ್ಲಿತ್ತು. 1870ರಲ್ಲಿ ಭಾರತದ ಇತಿಹಾಸದ ಒಂದು ಕೈಪಿಡಿಯನ್ನೂ ಸಿದ್ಧಪಡಿಸಿದ.

1875ರ ಸುಮಾರಿಗೆ ಕಣ್ಣು ಮಸುಕಾಯಿತು. ಚಳಿಗಾಲವನ್ನು ಬೆಚ್ಚನೆಯ ನಾಡಿನಲ್ಲಿ ಕಳೆಯಬೇಕೆಂದು ವೈದ್ಯರು ಹೇಳಿದ್ದರಿಂದ ಸಾಲಾರ್ ಜಂಗನ ಅತಿಥಿಯಾಗಿ ಹೈದರಾಬಾದಿಗೆ ಬಂದ. ಐವತ್ತು ವರ್ಷಗಳ ಹಿಂದೆ ಹುಡುಗನಾಗಿ ಕಾಲಿಟ್ಟು ಕಣ್ತುಂಬ ನೋಡಿದ ಸೀಮೆಯನ್ನು ಅವನು ಈ ಬಾರಿ ಕಿವಿಯಿಂದ ಕೇಳಬೇಕಾಯಿತು. ಕಾಡುಜ್ವರ ಹತ್ತಿತು. ಮರಳುವ ಹಾದಿಯಲ್ಲಿ, 1876ರ ಮೇ 13ರಂದು, ಫ್ರಾನ್ಸಿನ ಮಾಂತೋನಿನಲ್ಲಿ ತೀರಿಕೊಂಡ. ಆತ್ಮಕಥೆಯನ್ನು ಮಗಳು ಆಲಿಸ್ ಮರುವರ್ಷ ಸಂಪಾದಿಸಿ ಹೊರತಂದಳು. ಚಾಂದಬೀಬಿಯ ಕಾದಂಬರಿ 1878ರಲ್ಲಿ ಬಂತು.