ಒಸಾಮು ತೆಜುಕಾ

ಒಸಾಮು ತೆಜುಕಾ (3 ನವೆಂಬರ್ 1928 – 9 ಫೆಬ್ರವರಿ 1989) ಜಪಾನಿನ ಹೆಸರಾಂತ ಚಿತ್ರಕಥೆಗಾರರು ಹಾಗೂ ಅನಿಮೇಷನ್ ಚಿತ್ರಗಳ ನಿರ್ಮಾಪಕರು. ಮಂಗಾ ಎಂದು ಕರೆಯಲಾಗುವ ಜಪಾನೀ ಚಿತ್ರಕಥೆಗೆ ಕಾದಂಬರಿಯ ಹರವನ್ನು ತಂದುಕೊಟ್ಟವರಲ್ಲಿ ಇವರು ಪ್ರಮುಖರು. ಅಲ್ಲಿನ ದೂರದರ್ಶನ ಅನಿಮೇಷನ್ ಉದ್ಯಮಕ್ಕೆ ಅಡಿಪಾಯ ಹಾಕಿದವರೂ ಇವರೇ.

ಆರಂಭಿಕ ಜೀವನ

ಒಸಾಕಾ ಪ್ರಾಂತ್ಯದ ತೊಯೊನಾಕಾದಲ್ಲಿ ಜನಿಸಿದ ತೆಜುಕಾ ಬೆಳೆದದ್ದು ತಕರಜುಕಾ ಪಟ್ಟಣದಲ್ಲಿ. ಸ್ತ್ರೀಯರೇ ಎಲ್ಲ ಪಾತ್ರಗಳನ್ನೂ ವಹಿಸುವ ಅಲ್ಲಿನ ಸಂಗೀತ ರಂಗಭೂಮಿಯ ಪ್ರಭಾವ ಇವರ ಕೃತಿಗಳಲ್ಲಿ ಕಾಣುತ್ತದೆ. ಕೀಟಗಳಲ್ಲಿದ್ದ ಆಸಕ್ತಿಯಿಂದ ತಮ್ಮ ಹೆಸರಿನ ಬರಹಕ್ಕೆ ಕೀಟ ಎಂಬರ್ಥದ ಅಕ್ಷರವನ್ನು ಸೇರಿಸಿಕೊಂಡು, ಅದನ್ನೇ ಲೇಖನನಾಮವಾಗಿ ಬಳಸಿದರು. ವಿದ್ಯಾರ್ಥಿಯಾಗಿದ್ದಾಗ ಕಾರ್ಖಾನೆಯ ಯುದ್ಧಕಾಲದ ದುಡಿಮೆಗೆ ನಿಯೋಜಿತರಾಗಿ, 1945ರ ಒಸಾಕಾ ವೈಮಾನಿಕ ದಾಳಿಯಲ್ಲಿ ಬದುಕುಳಿದರು. ಆ ಬಳಿಕ ಒಸಾಕಾದಲ್ಲಿ ವೈದ್ಯಕೀಯ ವ್ಯಾಸಂಗ ಮಾಡಿದರೂ ವೃತ್ತಿಯಾಗಿ ಆರಿಸಿಕೊಂಡದ್ದು ಚಿತ್ರಕಥೆಯನ್ನು.

ಮಂಗಾ ಮತ್ತು ಅನಿಮೇಷನ್

1947ರ 'ಶಿನ್ ತಕರಾಜಿಮಾ' ಇವರಿಗೆ ಜನಪ್ರಿಯತೆ ತಂದಿತು. 1952ರಲ್ಲಿ ಆರಂಭವಾದ 'ತೆತ್ಸುವಾನ್ ಆಟೊಮು' ಒಬ್ಬ ಯಂತ್ರಬಾಲಕನ ಕಥೆ. ಮೃತ ಮಗನ ಬದಲಿಗೆ ವಿಜ್ಞಾನಿಯೊಬ್ಬ ನಿರ್ಮಿಸಿದ ಈ ಬಾಲಕ ಬೆಳೆಯುವುದಿಲ್ಲವೆಂಬ ಕಾರಣಕ್ಕೆ ಪರಿತ್ಯಕ್ತನಾಗುತ್ತಾನೆ.

ತಮ್ಮದೇ ಸಂಸ್ಥೆಯಾದ ಮುಶಿ ಪ್ರೊಡಕ್ಷನ್ ಮೂಲಕ ತೆಜುಕಾ ಈ ಕಥೆಯನ್ನು ಅರ್ಧ ಗಂಟೆಯ ವಾರದ ಧಾರಾವಾಹಿಯಾಗಿಸಿದರು. ಅದರ ಪ್ರಸಾರ 1 ಜನವರಿ 1963ರಂದು ಆರಂಭವಾಯಿತು. ವಾರಕ್ಕೊಂದು ಕಂತನ್ನು ಸಿದ್ಧಪಡಿಸಲು ಚಿತ್ರಗಳ ಸಂಖ್ಯೆಯನ್ನು ತಗ್ಗಿಸಲಾಯಿತು. ಮಾತನಾಡುವಾಗ ಬಾಯಿಯನ್ನಷ್ಟೇ ಚಲಿಸುವಂತೆ ಮಾಡಿ, ಒಮ್ಮೆ ಬರೆದ ಚಿತ್ರಗಳನ್ನು ಮತ್ತೆ ಮತ್ತೆ ಬಳಸಲಾಯಿತು. ಕಂತುಗಳನ್ನು ನಿರ್ಮಾಣವೆಚ್ಚಕ್ಕಿಂತ ಕಡಿಮೆ ಬೆಲೆಗೆ ಮಾರಿ, ನಷ್ಟವನ್ನು ಆಟಿಕೆ ಮೊದಲಾದ ಸರಕುಗಳ ಪರವಾನಗಿಯಿಂದಲೂ ವಿದೇಶಿ ಮಾರಾಟದಿಂದಲೂ ತುಂಬಿಕೊಳ್ಳಲಾಯಿತು. ಅಮೆರಿಕದಲ್ಲಿ ಇದು 'ಆಸ್ಟ್ರೋ ಬಾಯ್' ಎಂದು ಪ್ರಸಿದ್ಧವಾಯಿತು.

ಈ ಯಶಸ್ಸು ಹೊಸ ಉದ್ಯಮವೊಂದಕ್ಕೆ ದಾರಿ ತೆರೆಯಿತು. ಆದರೆ ಈ ಕಡಿಮೆ ಬೆಲೆಯೇ ರೂಢಿಯಾಗಿ ಚಿತ್ರಕಾರರ ಸಂಭಾವನೆಯನ್ನು ತಗ್ಗಿಸಿತೆಂಬ ಆಕ್ಷೇಪವೂ ಇದೆ. ತೆಜುಕಾರ ಮಂಗಾದಿಂದ ಪ್ರಭಾವಿತರಾಗಿದ್ದ ನಿರ್ದೇಶಕ ಹಯಾವೊ ಮಿಯಾಜಾಕಿ ಕೂಡ ಇವರ ಅನಿಮೇಷನ್ ಕಾರ್ಯವನ್ನು ಕಟುವಾಗಿ ಟೀಕಿಸಿದ್ದಾರೆ. ತೆಜುಕಾ ಅಧ್ಯಕ್ಷಸ್ಥಾನವನ್ನು ತೊರೆದ ನಂತರ, 1973ರಲ್ಲಿ ಮುಶಿ ಪ್ರೊಡಕ್ಷನ್ ದಿವಾಳಿಯಾಯಿತು.

ಕೊನೆಯ ವರ್ಷಗಳು

ಅದೇ ವರ್ಷ ಆರಂಭಿಸಿದ 'ಬ್ಲ್ಯಾಕ್ ಜ್ಯಾಕ್', ಪರವಾನಗಿಯಿಲ್ಲದ ಶಸ್ತ್ರವೈದ್ಯನ ಕಥೆಯಾಗಿದ್ದು, ಇವರಿಗೆ ಮತ್ತೆ ಓದುಗರನ್ನು ದೊರಕಿಸಿಕೊಟ್ಟಿತು. 1972ರಿಂದ 1983ರವರೆಗೆ ಬರೆದ 'ಬುದ್ಧ' ಪ್ರಾಚೀನ ಭಾರತದ ಹಿನ್ನೆಲೆಯಲ್ಲಿ ಗೌತಮನ ಜೀವನವನ್ನು ನಿರೂಪಿಸುತ್ತದೆ. ಜಠರದ ಕ್ಯಾನ್ಸರ್‌ಗೆ ತುತ್ತಾದ ತೆಜುಕಾ 60ನೆಯ ವಯಸ್ಸಿನಲ್ಲಿ ಟೋಕಿಯೋದಲ್ಲಿ ನಿಧನರಾದರು. ದಶಕಗಳ ಕಾಲ ಬಿಡಿ ಭಾಗಗಳಾಗಿ ರಚಿಸಿದ 'ಹಿ ನೊ ತೊರಿ' ಅಪೂರ್ಣವಾಗಿ ಉಳಿಯಿತು. 1994ರಲ್ಲಿ ತಕರಜುಕಾದಲ್ಲಿ ಇವರ ಸ್ಮಾರಕ ವಸ್ತುಸಂಗ್ರಹಾಲಯ ಆರಂಭವಾಯಿತು.