ವಾಫಿಯವರ ಓಟ

ಮ್ಯಾರಥಾನ್ ಎಂದರೆ 42 ಕಿಲೋಮೀಟರ್ 195 ಮೀಟರ್ ಓಟ. ಒಲಿಂಪಿಕ್ಸ್‌ನಲ್ಲಿ ಈ ಓಟ ಗೆದ್ದ, ಆಫ್ರಿಕಾದಲ್ಲಿ ಹುಟ್ಟಿದ ಹೆಸರಾಂತ ಓಟಗಾರ ಯಾರು ಎಂದು ಕೇಳಿದರೆ ಹೆಚ್ಚಿನವರು ಇಥಿಯೋಪಿಯಾದ ಅಬೆಬೆ ಬಿಕಿಲಾ ಅವರ ಹೆಸರು ಹೇಳುತ್ತಾರೆ. ಆದರೆ ಬಿಕಿಲಾ ಗೆದ್ದದ್ದು 1960ರಲ್ಲಿ. ಅದಕ್ಕೂ 32 ವರ್ಷ ಮೊದಲೇ ಅಲ್ಜೀರಿಯಾದಲ್ಲಿ ಹುಟ್ಟಿದ ಒಬ್ಬರು ಗೆದ್ದಿದ್ದರು. ಅವರೇ ಬುಗೆರಾ ಎಲ್ ವಾಫಿ.

ವಾಫಿ 1898ರಲ್ಲಿ ಅಲ್ಜೀರಿಯಾದ ಬಿಸ್ಕ್ರಾ ಪಟ್ಟಣದ ಹತ್ತಿರ, ಸಹಾರಾ ಮರುಭೂಮಿಯ ಅಂಚಿನಲ್ಲಿ ಹುಟ್ಟಿದರು. ಆಗ ಅಲ್ಜೀರಿಯಾ ಫ್ರಾನ್ಸಿನ ಆಳ್ವಿಕೆಯಲ್ಲಿತ್ತು. ಅವರು ಫ್ರೆಂಚ್ ಸೈನ್ಯಕ್ಕೆ ಸೇರಿದರು. ಅವರ ಓಟವನ್ನು ಮೊದಲು ಗುರುತಿಸಿದ್ದು ಸೈನ್ಯದಲ್ಲೇ. 1924ರಲ್ಲಿ ಪ್ಯಾರಿಸ್ ಒಲಿಂಪಿಕ್ಸ್ ಮ್ಯಾರಥಾನ್‌ನಲ್ಲಿ ಫ್ರಾನ್ಸ್ ಪರವಾಗಿ ಓಡಿ 7ನೇ ಸ್ಥಾನ ಪಡೆದರು. ನಂತರ ಪ್ಯಾರಿಸ್ ಪಕ್ಕದ ಬಿಲ್ಲಾಂಕೂರ್‌ನಲ್ಲಿ ರೆನೋ ಕಾರು ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದರು. ದುಡಿಮೆಯ ಜೊತೆಗೇ ಅಭ್ಯಾಸ.

1928ರ ಆಗಸ್ಟ್ 5ರಂದು ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಮ್ಯಾರಥಾನ್ ನಡೆಯಿತು. ನಮ್ಮ ಭಾರತ ಹಾಕಿಯಲ್ಲಿ ಮೊದಲ ಚಿನ್ನ ಗೆದ್ದ ಒಲಿಂಪಿಕ್ಸ್ ಅದೇ. ಮ್ಯಾರಥಾನ್‌ನಲ್ಲಿ ಎಲ್ಲರ ಕಣ್ಣು ಅಮೆರಿಕದ ಜೋಯಿ ರೇ, ಜಪಾನಿನ ಯಮಾಡಾ ಮುಂತಾದವರ ಮೇಲಿತ್ತು. ವಾಫಿ ಆತುರಪಡಲಿಲ್ಲ. ಮುಂದಿನವರನ್ನು ಓಡಲು ಬಿಟ್ಟು ತಮ್ಮದೇ ವೇಗದಲ್ಲಿ ಹಿಂದೆ ಬಂದರು. ಕೊನೆಯ ಕಿಲೋಮೀಟರ್‌ಗಳಲ್ಲಿ ಮುಂದಿದ್ದವರು ದಣಿದಾಗ ಒಬ್ಬೊಬ್ಬರನ್ನೇ ದಾಟಿದರು. 2 ಗಂಟೆ 32 ನಿಮಿಷ 57 ಸೆಕೆಂಡಿನಲ್ಲಿ ಗುರಿ ಮುಟ್ಟಿದರು. 26 ಸೆಕೆಂಡ್ ನಂತರ ಬಂದವರು ಚಿಲಿ ದೇಶದ ಮ್ಯಾನುಯೆಲ್ ಪ್ಲಾಜಾ, ಪತ್ರಿಕೆ ಮಾರಿ ಬದುಕಿದವರು. ಕಾರ್ಖಾನೆಯ ಕಾರ್ಮಿಕ ಮೊದಲು, ಪತ್ರಿಕೆ ಮಾರುವವ ಎರಡನೆಯವ!

ಗೆದ್ದ ಮೇಲೆ ಬದುಕು ಸುಧಾರಿಸಬೇಕಿತ್ತು. ಆದರೆ ಚಿನ್ನದ ಪದಕದ ಜೊತೆ ಹಣ ಬರುತ್ತಿರಲಿಲ್ಲ. ಅಮೆರಿಕಕ್ಕೆ ಕರೆ ಬಂತು. ಅಲ್ಲಿ ಹಣಕ್ಕಾಗಿ ನಡೆಯುವ ಓಟಗಳಲ್ಲಿ ಅವರು ಓಡಿದರು. ಆಗಿನ ನಿಯಮದ ಪ್ರಕಾರ ಓಟಕ್ಕೆ ಹಣ ಪಡೆದವರು ಹವ್ಯಾಸಿ ಅಲ್ಲ, ಹವ್ಯಾಸಿ ಅಲ್ಲದವರಿಗೆ ಒಲಿಂಪಿಕ್ಸ್ ಇಲ್ಲ. ವಾಫಿಯವರಿಗೆ ಬಾಗಿಲು ಮುಚ್ಚಿತು. ಫಿನ್‌ಲ್ಯಾಂಡಿನ ಮಹಾ ಓಟಗಾರ ಪಾವೊ ನುರ್ಮಿ ಅವರನ್ನೂ ಇದೇ ರೀತಿಯ ಕಾರಣಕ್ಕೆ 1932ರ ಒಲಿಂಪಿಕ್ಸ್‌ನಿಂದ ಹೊರಗಿಟ್ಟರು.

ಕಾಮರ್ಸ್ ವಿದ್ಯಾರ್ಥಿಯಾಗಿ ನಾನು ಈ ನಿಯಮವನ್ನು ಲೆಕ್ಕದ ಕಣ್ಣಿನಿಂದ ನೋಡುತ್ತೇನೆ. ಸ್ಟೇಡಿಯಂ ಟಿಕೆಟ್ ಮಾರಿದವರಿಗೆ ಹಣ ಬಂತು, ಸುದ್ದಿ ಮಾರಿದ ಪತ್ರಿಕೆಗಳಿಗೂ ಬಂತು. ಓಡಿದವನು ಮಾತ್ರ ಪಡೆಯಬಾರದು. ಮನೆಯಲ್ಲಿ ಆಸ್ತಿ ಇದ್ದವರಿಗೆ ಈ ನಿಯಮದಿಂದ ತೊಂದರೆಯಿಲ್ಲ. ಕೂಲಿಯಿಂದ ಬದುಕುವವನಿಗೆ ಅದೇ ಶಿಕ್ಷೆ.

ಪ್ಯಾರಿಸ್‌ಗೆ ಮರಳಿ ಅವರು ಒಂದು ಕೆಫೆ ನಡೆಸಿದರು. ಅದು ಕೈ ಹಿಡಿಯಲಿಲ್ಲ. ಬಡತನ ಬಂತು. ಜನರು ಮರೆತರು. 1956ರಲ್ಲಿ ಮೆಲ್ಬರ್ನ್ ಒಲಿಂಪಿಕ್ಸ್ ಮ್ಯಾರಥಾನ್ ಗೆದ್ದವರು ಅಲೈನ್ ಮಿಮೂನ್. ಅವರೂ ಅಲ್ಜೀರಿಯಾದಲ್ಲಿ ಹುಟ್ಟಿ ಫ್ರಾನ್ಸ್‌ಗೆ ಓಡಿದವರು. ಆಗ ಪತ್ರಕರ್ತರಿಗೆ ಹಳೆಯ ಚಾಂಪಿಯನ್ ನೆನಪಾದರು. ಮಿಮೂನ್ ಅವರನ್ನು ಭೇಟಿಯಾಗಿ ಗೌರವಿಸಿದರು. 28 ವರ್ಷಗಳ ನಂತರ ಸಿಕ್ಕ ಆ ಗೌರವ ಹೆಚ್ಚು ದಿನ ಉಳಿಯಲಿಲ್ಲ. 1959ರ ಅಕ್ಟೋಬರ್‌ನಲ್ಲಿ, ಅಲ್ಜೀರಿಯಾದ ಸ್ವಾತಂತ್ರ್ಯ ಯುದ್ಧದ ಕಾಲದಲ್ಲಿ, ವಾಫಿ ಗುಂಡೇಟಿಗೆ ಬಲಿಯಾದರು. ಪ್ಯಾರಿಸ್ ಹತ್ತಿರದ ಬೊಬಿನ್ಯಿಯ ಮುಸ್ಲಿಂ ಖಬರಸ್ತಾನದಲ್ಲಿ ಅವರನ್ನು ದಫನ್ ಮಾಡಲಾಯಿತು. ಮೂರು ವರ್ಷಗಳ ನಂತರ ಅಲ್ಜೀರಿಯಾ ಸ್ವತಂತ್ರವಾಯಿತು. ಅದನ್ನು ನೋಡಲು ಅವರಿರಲಿಲ್ಲ.

ನಮ್ಮ ಮನೆಗಳಲ್ಲಿ ಆಡುವ ಉರ್ದುವಿನ ವಫಾ ಎಂಬ ಪದವೂ ವಾಫಿ ಎಂಬ ಹೆಸರೂ ಒಂದೇ ಅರಬಿ ಮೂಲದವು. ಅರ್ಥ, ನಿಷ್ಠೆ. ವಾಫಿ ಸೈನಿಕನಾಗಿ, ಕಾರ್ಮಿಕನಾಗಿ, ಓಟಗಾರನಾಗಿ ನಿಷ್ಠೆ ತೋರಿದರು. ಅವರಿಗೆ ಅದು ವಾಪಸ್ ಸಿಗಲಿಲ್ಲ. ಗೆಳೆಯರೇ, ನಮ್ಮ ಊರಿನ ಮೈದಾನದಲ್ಲೂ ಒಂದು ಕಾಲದಲ್ಲಿ ಕಪ್ ಗೆದ್ದು ಈಗ ಎಲ್ಲೋ ಸಣ್ಣ ಕೆಲಸ ಮಾಡುತ್ತಿರುವವರು ಇರಬಹುದು. ಅವರನ್ನು ಹುಡುಕಿ ಮಾತನಾಡಿಸಲು 28 ವರ್ಷ ಕಾಯುವುದು ಬೇಡ.