ಅಂಧರ ಕೈಗೆ ವಿದ್ಯೆಯನ್ನಿತ್ತ ಪಂಚಾಕ್ಷರ ಗವಾಯಿಗಳು



ಶ್ರಾವಣ ಮಾಸ ಬಂದಿತೆಂದರೆ ಭೀಮಾ ತೀರದ ನಮ್ಮ ದೇವಣಗಾಂವ ಸೀಮೆಯ ಮಠ ಗುಡಿಗಳಲ್ಲಿ ಪುರಾಣ ಹಚ್ಚುವುದು ವಾಡಿಕೆ. ಪುರಾಣ ಹೇಳುವ ಶಾಸ್ತ್ರಿಗಳ ಪಕ್ಕದಲ್ಲಿ ಹಾರ್ಮೋನಿಯಂ ಹಿಡಿದ ಗವಾಯಿಗಳೂ ತಬಲಾ ನುಡಿಸುವವರೂ ಕುಳಿತಿರುತ್ತಾರೆ. ಅವರಲ್ಲಿ ಕಣ್ಣಿಲ್ಲದವರಿರುವುದು ಅಪರೂಪವಲ್ಲ. ಎಲ್ಲಿ ಕಲಿತಿರೆಂದು ವಿಚಾರಿಸಿದರೆ ಹಲವರು ಗದಗಿನ ಪುಣ್ಯಾಶ್ರಮವನ್ನು ಹೆಸರಿಸುತ್ತಾರೆ. ಊರವರು ಅವರಿಗೆ ಕೊಡುವುದು ಭಿಕ್ಷೆಯಲ್ಲ, ಸಂಭಾವನೆ. ಈ ಎರಡರ ನಡುವಿನ ಅಂತರವನ್ನು ದಾಟಿಸುವುದಕ್ಕೆ ತಮ್ಮ ಬಾಳನ್ನೆಲ್ಲ ಸವೆಸಿದ ಗಾನಯೋಗಿ ಪಂಚಾಕ್ಷರ ಗವಾಯಿಗಳ ಚರಿತ್ರೆಯನ್ನು ಇಂದು ಸ್ಮರಿಸಬಯಸುತ್ತೇವೆ.

1892ರಲ್ಲಿ ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯ ಬಡ ಜಂಗಮ ಕುಟುಂಬವೊಂದರಲ್ಲಿ ಅವರು ಜನಿಸಿದರು. ಹೆತ್ತವರಿಟ್ಟ ಹೆಸರು ಗದಿಗೆಯ್ಯ. ಅವರೂ ಅವರ ಅಣ್ಣ ಗುರುಬಸಯ್ಯನೂ ಇಬ್ಬರೂ ಹುಟ್ಟುಗುರುಡರು. ಅಂಥ ಇಬ್ಬರು ಮಕ್ಕಳ ತಾಯಿತಂದೆಯರ ಮನಸ್ಸನ್ನು ಊಹಿಸುವುದು ಕಷ್ಟವಲ್ಲ. ಆದರೆ ಮಕ್ಕಳ ಕಂಠ ಇಂಪಾಗಿತ್ತು. ಅದನ್ನು ಗುರುತಿಸಿದವರು ಹಾನಗಲ್ಲ ಕುಮಾರಸ್ವಾಮಿಗಳು. 1909ರಲ್ಲಿ ಬಾದಾಮಿಯ ಬಳಿ ಮಲಪ್ರಭೆಯ ದಂಡೆಯ ಮೇಲೆ ಶಿವಯೋಗ ಮಂದಿರವನ್ನು ಸ್ಥಾಪಿಸಿದ ಮಹನೀಯರು. ಅವರು ಹುಡುಗನ ಹಾಡಿಗೆ ಮೆಚ್ಚಿ ಆಶೀರ್ವಾದ ಮಾಡಿ ಕಳುಹಿಸಲಿಲ್ಲ. ಅವನಿಗೆ ಗುರುಗಳನ್ನು ಒದಗಿಸಿದರು. ಮೊದಲು ಕರ್ನಾಟಕ ಸಂಗೀತ, ಅನಂತರ ಹಿಂದುಸ್ತಾನಿ. ಗ್ವಾಲಿಯರ್ ಪದ್ಧತಿಯ ನೀಲಕಂಠಬುವಾ ಅವರೂ ಕಿರಾಣಾ ಘರಾಣೆಯ ಉಸ್ತಾದ್ ಅಬ್ದುಲ್ ವಹೀದ್ ಖಾನರೂ ಅವರಿಗೆ ಕಲಿಸಿದರು. ಜಂಗಮರ ಅಂಧ ಬಾಲಕ, ಅವನನ್ನು ಪೊರೆದ ವಿರಕ್ತ ಸ್ವಾಮಿಗಳು, ವಿದ್ಯೆಯನ್ನು ಧಾರೆಯೆರೆದ ಮುಸಲ್ಮಾನ ಉಸ್ತಾದರು: ನಮ್ಮ ನಾಡಿನಲ್ಲಿ ಇದೂ ನಡೆದದ್ದೇ.

ವೀಣೆ ನುಡಿಸುವವನಾಗಬೇಕಾದರೆ ವೀಣೆಯನ್ನು ನುಡಿಸುತ್ತಲೇ ಇರಬೇಕು, ಗುಣಗಳು ಬರುವುದೂ ಹಾಗೆಯೇ ಎಂಬರ್ಥದಲ್ಲಿ ಅರಿಸ್ಟಾಟಲನು ವಾದಿಸಿದ್ದಾನೆ. ಆತ್ಮವಿಶ್ವಾಸದ ವಿಷಯದಲ್ಲಿಯೂ ಇದು ಸತ್ಯವೆಂದು ನಮ್ಮ ಅಭಿಪ್ರಾಯ. ಧೈರ್ಯದ ಮಾತುಗಳಿಂದ ಅದು ಹುಟ್ಟುವುದಿಲ್ಲ. ಹಾರ್ಮೋನಿಯಂನ ಕರಿಯ ಮನೆಗಳು ಒಮ್ಮೆ ಎರಡು, ಒಮ್ಮೆ ಮೂರು ಎಂಬಂತೆ ಗುಂಪಾಗಿರುತ್ತವೆ. ಕಣ್ಣಿಲ್ಲದ ಬೆರಳಿಗೆ ಅವೇ ದಾರಿ ತೋರುವ ಗುರುತುಗಳು. ತಬಲಾದ ಬೋಲುಗಳನ್ನು ಮೊದಲು ಬಾಯಿಂದ ಹೇಳಿ ಹೇಳಿ ಗಟ್ಟಿ ಮಾಡಬೇಕು; ಆಮೇಲೆ ಕಲಿಸುವವನು ಶಿಷ್ಯನ ಬೆರಳನ್ನು ಹಿಡಿದು, ಅಂಚು ಯಾವುದು, ನಡುವಿನ ಕರಣೆ ಯಾವುದು ಎಂದು ಮುಟ್ಟಿಸಿ ತೋರಿಸಬೇಕು. ತಂಬೂರಿಯ ತಂತಿ ಶ್ರುತಿಗೂಡಿತೋ ಇಲ್ಲವೋ ಎಂಬುದಕ್ಕೆ ಕಿವಿಯೊಂದೇ ಸಾಕ್ಷಿ, ಅಲ್ಲಿ ಕಣ್ಣುಳ್ಳವನಿಗೆ ಯಾವ ಹೆಚ್ಚುಗಾರಿಕೆಯೂ ಇಲ್ಲ. ಒಂದು ತಾನವನ್ನು ನೂರು ಸಲ ತಪ್ಪಿ ನೂರೊಂದನೆಯ ಸಲ ಸರಿಯಾಗಿ ತೆಗೆದ ಅಂಧನಿಗೆ, ನಾನು ಮಾಡಬಲ್ಲೆ ಎಂಬುದನ್ನು ಬೇರೆ ಯಾರೂ ಬೋಧಿಸಬೇಕಾಗುವುದಿಲ್ಲ.

ಗುರುವಿನ ಆಣತಿಯಂತೆ ಗವಾಯಿಗಳು ಅಂಧರಿಗೂ ದಿಕ್ಕಿಲ್ಲದವರಿಗೂ ವಿದ್ಯಾದಾನ ಮಾಡುವ ವ್ರತವನ್ನು ಹಿಡಿದರು. ಮದುವೆಯಾಗಲಿಲ್ಲ. ಕಟ್ಟಡವಿಲ್ಲದ ಶಾಲೆ ಅವರದು. ಶಿಷ್ಯರ ತಂಡವನ್ನು ಕಟ್ಟಿಕೊಂಡು ಊರಿಂದೂರಿಗೆ ಸಂಚಾರ, ಜೋಳಿಗೆ ಹಿಡಿದು ಕಾಳು ಕೂಡಿಸುವುದು, ಬೀಡುಬಿಟ್ಟಲ್ಲಿಯೇ ಪಾಠ. ಶಾಲೆಯ ಅನ್ನಕ್ಕಾಗಿ ನಾಟಕ ಮಂಡಳಿಯನ್ನೂ ಕಟ್ಟಿದರು. ಬ್ರಹ್ಮಚಾರಿ ಗುರುವೊಬ್ಬರು ನಾಟಕ ನಡೆಸುವುದನ್ನು ಕಂಡು ಅಂದಿನ ಸಂಭಾವಿತರು ಮೂಗು ಮುರಿದಿರಲೂಬಹುದು. ಆದರೆ ಒಲೆ ಉರಿಯಬೇಕಲ್ಲ!

ಇಲ್ಲಿ ಗಮನಿಸತಕ್ಕ ಸಂಗತಿಯೊಂದುಂಟು. ಅವರು ಅಂಧರಿಗೆಂದು ಪಾಠವನ್ನು ಹಗುರ ಮಾಡಲಿಲ್ಲ, ಅಂಧರನ್ನು ಬೇರೆ ಕೂಡ್ರಿಸಲೂ ಇಲ್ಲ. ಮುಂದೆ ದೇಶವೇ ಬಲ್ಲ ಗಾಯಕರಾದ ಬಸವರಾಜ ರಾಜಗುರುಗಳು ಕಣ್ಣುಳ್ಳವರು. ಅವರು ಕಲಿತದ್ದೂ ಇದೇ ಗುರುವಿನಲ್ಲಿ. ಒಂದೇ ರಾಗ, ಒಂದೇ ತಾಳ, ಒಂದೇ ಶಿಸ್ತು. ನಮ್ಮ ಎಷ್ಟೋ ಕುಟುಂಬಗಳಲ್ಲಿ ಅಂಗವಿಕಲನಾದ ಮಗ ಇಪ್ಪತ್ತೈದು ದಾಟಿದರೂ ಕೋಣೆಯ ಮೂಲೆಯಲ್ಲಿ ಕೂಸಿನಂತೆ ಉಳಿದಿರುತ್ತಾನೆ. ಉಣಿಸುತ್ತೇವೆ, ಉಡಿಸುತ್ತೇವೆ, ಏನನ್ನೂ ಕೇಳುವುದಿಲ್ಲ. ಕೇಳದಿರುವುದನ್ನೇ ಪ್ರೀತಿಯೆಂದು ತಿಳಿದಿರುತ್ತೇವೆ. ಗವಾಯಿಗಳು ಕೇಳಿದರು.

ಪ್ಯಾರಿಸ್ಸಿನಲ್ಲಿಯೂ ಇದಕ್ಕೆ ಮುಂಚೆ ಇಂಥದೇ ನಡೆದಿತ್ತು. ಕುರುಡರ ಲಿಪಿಯನ್ನು ರೂಪಿಸಿದ ಲೂಯಿ ಬ್ರೈಲ್, 1809ರಿಂದ 1852ರವರೆಗೆ ಬಾಳಿದ ಭಕ್ತ ಕಥೋಲಿಕ, ಆ ನಗರದ ದೇವಾಲಯಗಳಲ್ಲಿ ಆರ್ಗನ್ ನುಡಿಸುತ್ತಿದ್ದನು. ಚುಕ್ಕೆಗಳ ಆ ಲಿಪಿಯಲ್ಲಿ ಅಕ್ಷರಗಳಿಗಷ್ಟೇ ಅಲ್ಲ, ಸಂಗೀತದ ಸ್ವರಗಳಿಗೂ ಸ್ಥಾನ ಕೊಟ್ಟನು.

ಅಲೆದಾಡುವ ಶಾಲೆಗೆ ನೆಲೆ ಸಿಕ್ಕಿದ್ದು 1942ರಲ್ಲಿ, ಗದಗಿನಲ್ಲಿ. ಆಶ್ರಯವಿತ್ತವರು ಬಸರಿಗಿಡದ ವೀರಪ್ಪನವರು. ಅವರ ಹೆಸರಿನಿಂದಲೇ ವೀರೇಶ್ವರ ಪುಣ್ಯಾಶ್ರಮ. ಗವಾಯಿಗಳಿಗೆ ಆಗ ಐವತ್ತು ವರ್ಷ. ಆ ನೆಲೆಯಲ್ಲಿ ಅವರು ಬಾಳಿದ್ದು ಎರಡೇ ವರ್ಷ, 1944ರಲ್ಲಿ ಲಿಂಗೈಕ್ಯರಾದರು. 1995ರಲ್ಲಿ ಅವರ ಜೀವನ ಚಲನಚಿತ್ರವಾಯಿತು. ಅದರ ಸಂಗೀತಕ್ಕಾಗಿ ಹಂಸಲೇಖರಿಗೂ ಗಾಯನಕ್ಕಾಗಿ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರಿಗೂ ರಾಷ್ಟ್ರಪ್ರಶಸ್ತಿ ಲಭಿಸಿತು.

ಗುರುಗಳ ತರುವಾಯ ಆಶ್ರಮದ ಭಾರ ಹೊತ್ತವರು ಪುಟ್ಟರಾಜ ಗವಾಯಿಗಳು. 1914ರಲ್ಲಿ ದೇವಗಿರಿಯಲ್ಲಿ ಹುಟ್ಟಿ, ಹಸುಗೂಸಾಗಿದ್ದಾಗಲೇ ದೃಷ್ಟಿ ಕಳೆದುಕೊಂಡವರು. ಪಂಚಾಕ್ಷರ ಗವಾಯಿಗಳ ಮಡಿಲಿಗೆ ಬಂದು ಹಾಡು, ಹಲವಾರು ವಾದ್ಯಗಳು, ಕನ್ನಡ, ಸಂಸ್ಕೃತ, ಹಿಂದಿ ಎಲ್ಲವನ್ನೂ ಕರಗತ ಮಾಡಿಕೊಂಡು ನಾಟಕಗಳನ್ನೂ ಬರೆದರು. 2010ರಲ್ಲಿ ಪದ್ಮಭೂಷಣ ಬಂದಿತು, ಅದೇ ವರ್ಷದ ಸೆಪ್ಟೆಂಬರಿನಲ್ಲಿ ತೀರಿಕೊಂಡರು. ಅಲ್ಲಿಯವರೆಗೆ, ಅರುವತ್ತಾರು ವರ್ಷಗಳ ಕಾಲ, ಕಾಣದ ಗುರುವಿನ ಕಾಣದ ಶಿಷ್ಯನೇ ಗುರುವಾಗಿ, ಕಾಣದ ಮಕ್ಕಳಿಗೆ ಸರಿಗಮ ಕಲಿಸಿದರು.